ಬಾವಿಗೆ ಬಿದ್ದದ್ದು ಯಾರು? ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ನಮ್ಮ ಕೇರಿಯ ಮಕ್ಕಳೆಲ್ಲ ಮತ್ತೆ ಸೇರಿದ್ದನ್ನು ಬರೆದಿದ್ದೆ. ಒಂದು ಬಾವಿ, ಅದರ ಸುತ್ತ ಒಂಬತ್ತು ಮನೆ. ಆ ಮನೆಗಳಲ್ಲಿ ಬೆಳೆದ ನಾವು 38 ವರ್ಷಗಳ ಮೇಲೆ ಒಂದು ಇಡೀ ದಿನ ಒಟ್ಟಿಗೆ ಕಳೆದೆವು. ಬರೆದದ್ದು ಒಂದೂವರೆ ಪುಟ ಅಷ್ಟೇ. ಆದರೆ ಅದಕ್ಕೆ ಬಂದ ಕಾಗದಗಳು ಮೇಜಿನ ಮೇಲೆ ಹಿಡಿಸುತ್ತಿಲ್ಲ. ಸೊಸೆ ಮಾತು ಕೇಳುವುದಿಲ್ಲ, ಮಗ ಫೋನ್ ಬಿಡುವುದಿಲ್ಲ ಎಂದು ಬರೆಯುವ ನನ್ನ ಖಾಯಂ ಓದುಗರು ಈ ಸಲ ಸ್ವಲ್ಪ ಕಾಯಬೇಕು.

ಪ್ರಶ್ನೆ: ಹಳ್ಳಿಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆದ ನಾವು ಹದಿನೈದಿಪ್ಪತ್ತು ಮಂದಿ ಈಗ ಎಲ್ಲೆಲ್ಲೋ ಇದ್ದೇವೆ. ಎಲ್ಲರನ್ನೂ ಒಮ್ಮೆ ಸೇರಿಸಬೇಕೆಂದು ಆಸೆ. ನನ್ನ ಹತ್ತಿರ ಇರುವುದು ಮೂರು ಜನರ ನಂಬರ್ ಮಾತ್ರ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೂರು ನಂಬರ್ ಧಾರಾಳವಾಯಿತು. ನನ್ನ ಹತ್ತಿರ ಎರಡಿದ್ದವು, ಅದರಲ್ಲೊಂದು ತಪ್ಪು.

ಹೆಸರಿನ ಪಟ್ಟಿ ಮಾಡಲು ಕೂರಬೇಡಿ, ನಕ್ಷೆ ಬರೆಯಿರಿ. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ನಡುವೆ ಬಾವಿಗೆ ಒಂದು ಸೊನ್ನೆ ಸುತ್ತಿದೆ. ಸುತ್ತ ಒಂಬತ್ತು ಚೌಕ. ಪ್ರತಿ ಚೌಕದೊಳಗೆ ರಾತ್ರಿ ಆ ಮನೆಯಲ್ಲಿ ಯಾರ್ಯಾರು ಮಲಗುತ್ತಿದ್ದರು ಎಂದು ನೆನೆಸಿಕೊಂಡು ತುಂಬಿದೆ. ಎಂಟು ಚೌಕ ತುಂಬಿದವು. ಒಂದು ಖಾಲಿ ಉಳಿಯಿತು. ಆ ಖಾಲಿ ಚೌಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ನಕ್ಷೆಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ. 'ಹೇಗಿದ್ದೀರಿ, ಒಮ್ಮೆ ಸೇರೋಣವೇ' ಎಂದು ಕೇಳಿದ್ದರೆ ಕೈಮುಗಿಯುವ ಚಿತ್ರವೊಂದು ಬರುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ನಕ್ಷೆ ತಪ್ಪಿತ್ತಲ್ಲ, ಹತ್ತು ನಿಮಿಷದಲ್ಲಿ ಫೋನೇ ಬಂತು. "ನಮ್ಮನೆ ಬಾಗಿಲು ಆ ಕಡೆಗೆ ಎಲ್ಲಿತ್ತು? ಕೊಟ್ಟಿಗೆ ಎಲ್ಲಿ ಹೋಯ್ತು? ನಿನಗೇನೂ ನೆನಪಿಲ್ಲ ಬಿಡು." ತಪ್ಪು ತಿದ್ದುವುದೆಂದರೆ ಜನ ಎಷ್ಟು ದೂರದಿಂದಲೂ ಎದ್ದು ಬರುತ್ತಾರೆ. ತಿದ್ದಿದವರು ಇನ್ನೊಬ್ಬರಿಗೆ ಕಳಿಸಿದರು. ಒಂದು ವಾರದಲ್ಲಿ ನಕ್ಷೆಗೆ ಪೇರಲೆ ಗಿಡ, ಬೇಲಿಯ ಸಂದಿ, ಕಚ್ಚುವ ನಾಯಿ ಎಲ್ಲ ಸೇರಿಕೊಂಡವು. ನೀವು ಒಂದೆರಡು ತಪ್ಪನ್ನು ಬೇಕೆಂದೇ ಮಾಡಿದರೂ ನಾನು ಬೇಡ ಎನ್ನುವುದಿಲ್ಲ.

ಹುಡುಕುವುದು ಕಷ್ಟವಾಗುವುದು ಹೆಣ್ಣುಮಕ್ಕಳನ್ನು. ಮದುವೆಯಾಗಿ ಊರು ಬದಲಾಗಿರುತ್ತದೆ, ಕೆಲವರಿಗೆ ಹೆಸರಿನ ಬಾಲವೂ ಬದಲಾಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ನಾವು ಅವರನ್ನು ಕರೆಯುತ್ತಿದ್ದದ್ದೇ ಅಡ್ಡಹೆಸರಿನಿಂದ. ಶಾಲೆಯ ಹಾಜರಿಯಲ್ಲಿ ಏನಿತ್ತೋ ಯಾರಿಗೆ ಗೊತ್ತು? ಚಿಕ್ಕಿ ಎಂದು ಹುಡುಕಿದರೆ ಫೇಸ್‌ಬುಕ್ ಏನು ತಾನೇ ಮಾಡೀತು.

ಇನ್ನೊಂದು ಕಿವಿಮಾತು. ಆಪ್ತರನ್ನೇ ಕೇಳುತ್ತಾ ಕೂರಬೇಡಿ. ಆಪ್ತರಿಗೆ ನಿಮಗೆ ಗೊತ್ತಿರುವಷ್ಟೇ ಗೊತ್ತಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನೇ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, 'ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ನೋಡುತ್ತಿದ್ದಿರಿ' ಎಂದು ಅವರು ಕೇಳಿದ್ದರು. ಪದೇಪದೇ ನೋಡುತ್ತಿದ್ದೆವು ಎಂದವರು ನೂರಕ್ಕೆ ಸುಮಾರು 17. ಉಳಿದವರಿಗೆಲ್ಲ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರಿಂದ. ನಮ್ಮ ಕಳೆದುಹೋದ ನಾಲ್ವರನ್ನು ಹುಡುಕಿಕೊಟ್ಟದ್ದು ಯಾರ ನೆಂಟರೂ ಅಲ್ಲ, ಗೆಳೆಯರೂ ಅಲ್ಲ. ಒಂದು ಕಾಲಕ್ಕೆ ಎಲ್ಲರ ಪಂಪ್‌ಸೆಟ್ ರಿಪೇರಿ ಮಾಡಿಕೊಡುತ್ತಿದ್ದ ಮನುಷ್ಯ. ಅವರ ಹಳೆಯ ಡೈರಿಯಲ್ಲಿ ಎಲ್ಲರ ಬಾಕಿಯೂ ಇತ್ತು, ವಿಳಾಸವೂ ಇತ್ತು.

ಪ್ರಶ್ನೆ: ಸ್ವಾಗತ ಭಾಷಣ, ಹಿರಿಯರಿಗೆ ಸನ್ಮಾನ, ಮಕ್ಕಳಿಂದ ನೃತ್ಯ, ನೆನಪಿನ ಕಾಣಿಕೆ. ಕಾರ್ಯಕ್ರಮದ ಪಟ್ಟಿ ಹೀಗೆ ಮಾಡಿದ್ದೇವೆ. ಇನ್ನೇನು ಸೇರಿಸಬಹುದು?

ಉತ್ತರ: ಸೇರಿಸುವುದು ಬೇಡ, ತೆಗೆಯಿರಿ. ಮೊದಲು ಮೈಕ್ ತೆಗೆಯಿರಿ. ನಮ್ಮಲ್ಲೊಬ್ಬರು ಪ್ರೀತಿಯಿಂದ ಮೈಕ್ ತಂದಿದ್ದರು. ಈಗ ದೊಡ್ಡ ಹುದ್ದೆಯಲ್ಲಿರುವ ಇನ್ನೊಬ್ಬರು ಅದನ್ನು ಹಿಡಿದು ತಾವು ಮೇಲೆ ಬಂದ ದಾರಿಯನ್ನು ಮುಕ್ಕಾಲು ಗಂಟೆ ವಿವರಿಸಿದರು. ಬೇಲಿ ಹಾರಿ ಒಟ್ಟಿಗೆ ಪೇರಲೆ ಕದ್ದವರ ಎದುರು ಯಾರೂ ಅಷ್ಟು ಮೇಲೆ ಬರಬಾರದು.

ಭಾಷಣದ ಜಾಗದಲ್ಲಿ ಕೈಗೆ ಕೆಲಸ ಕೊಡಿ. ನಾವು ಬಾವಿಕಟ್ಟೆಯ ಸುತ್ತ ಬೆಳೆದ ಕಳೆ ಕಿತ್ತೆವು. ಸುಮ್ನೆ ಎದುರುಬದುರು ಕೂತಾಗ ಬಾರದ ಮಾತು, ಬಗ್ಗಿ ಕಳೆ ಕೀಳುವಾಗ ತಾನಾಗಿ ಬಂತು. ಮುಖ ನೋಡಬೇಕಾಗಿಲ್ಲವಲ್ಲ.

ಪ್ರಶ್ನೆ: ನಮ್ಮ ಮನೆ ಮುಂದಿನ ದೊಡ್ಡ ಮರಕ್ಕೆ ಸಿಡಿಲು ಬಡಿದು ಸುಟ್ಟುಹೋಯಿತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಕ್ಕದ ಮನೆಯ ಅಣ್ಣ, ಅದನ್ನು ಕಡಿಸಿ ಮಾರಿದರು ಎನ್ನುತ್ತಾರೆ. ಗುಂಪಿನಲ್ಲಿ ಜಗಳವೇ ಆಗಿಹೋಯಿತು. ಸೇರುವ ಮೊದಲೇ ಒಡಕು ಬರುವ ಹಾಗಿದೆ. ಯಾರ ನೆನಪು ಸರಿ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ನೀವು ಕಣ್ಣಾರೆ ನೋಡಿದ್ದೇನೆ ಎಂದದ್ದಕ್ಕೇ ನನಗೆ ಅನುಮಾನ. ಕೋಪ ಮಾಡಿಕೊಳ್ಳಬೇಡಿ, ನನ್ನದೇ ಕಥೆ ಹೇಳುತ್ತೇನೆ.

ನಾನು ಒಂಬತ್ತು ವರ್ಷದವಳಿದ್ದಾಗ ಬಾವಿಗೆ ಬಿದ್ದಿದ್ದೆ. ನೀರಿನ ತಣ್ಣಗಿನ ಏಟು, ಮೇಲೆ ಕಾಣುವ ದುಂಡನೆಯ ಬೆಳಕು, ಹಗ್ಗ ಹಿಡಿದು ಇಳಿದು ಬಂದ ದೊಡ್ಡವರ ಕಾಲಿನ ಹಿಮ್ಮಡಿ, ಎಲ್ಲ ನೆನಪಿದೆ. ಇದನ್ನು ನನ್ನ ಗಂಡನಿಗೆ ಹೇಳಿದ್ದೇನೆ, ಮಕ್ಕಳಿಗೆ ಹೇಳಿದ್ದೇನೆ. ಮೊಮ್ಮಗನಿಗೆ ಊಟ ಮಾಡಿಸುವಾಗ ದಿನಾ ಹೇಳುತ್ತೇನೆ. ನಾವು ಸೇರಿದ ದಿನ ಅದೇ ಬಾವಿಯ ಎದುರು ನಿಂತು ಶುರು ಮಾಡಿದೆ. ಪಕ್ಕದ ಮನೆಯವಳು ನನ್ನ ಗೆಳತಿ, ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾ ನಿಂತಳು. ಮುಗಿದ ಮೇಲೆ ಹೇಳಿದಳು, "ಬಿದ್ದವಳು ನಾನು ಕಣೇ. ನೀನು ದಂಡೆ ಮೇಲೆ ನಿಂತು ಕಿರುಚುತ್ತಿದ್ದೆ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಸೆರಗು ಸರಿಸಿ ತಲೆಯ ಹಿಂದಿನ ಹೊಲಿಗೆಯ ಗುರುತು ತೋರಿಸಿದಳು. ಅವಳ ಅಣ್ಣ ಹೌದು ಎಂದ. ನನ್ನ ಸ್ವಂತ ಅಕ್ಕನೂ ಹೌದು ಎಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, "ನೀನು ಅಷ್ಟು ಚೆನ್ನಾಗಿ ಹೇಳುತ್ತಿದ್ದೆ" ಅಂತೆ.

ಮನೆಗೆ ಬಂದು ಎರಡು ದಿನ ಮಂಕಾಗಿದ್ದೆ. ಆಮೇಲೆ, ಗ್ರಂಥಾಲಯದಲ್ಲಿ ಕೆಲಸ ಮಾಡಿದ ಚಟ ನೋಡಿ, ಓದಲು ಕೂತೆ. 2001ರಲ್ಲಿ ಮರ್ಸಿಡೀಸ್ ಶೀನ್, ಸೈಮನ್ ಕೆಂಪ್, ಡೇವಿಡ್ ರೂಬಿನ್ ಎಂಬ ಸಂಶೋಧಕರು ಇದೇ ವಿಷಯದ ಮೇಲೆ ಬರೆದಿದ್ದಾರೆ. ಅವಳಿಗಳಲ್ಲಿ ಇದು ಸಾಕಷ್ಟು ನಡೆಯುತ್ತದಂತೆ. ಒಂದೇ ಘಟನೆ, ಇಬ್ಬರೂ 'ಅದು ಆದದ್ದು ನನಗೆ' ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಟ್ಟಿಗೆ ಬೆಳೆದವರಲ್ಲಿ ಕಥೆ ಅಷ್ಟು ಸಲ ಕೈ ಬದಲಾಯಿಸಿರುತ್ತದೆ, ಯಾರದ್ದು ಎಂಬುದೇ ಮರೆತುಹೋಗುತ್ತದೆ. ನಮ್ಮ ಒಂಬತ್ತು ಮನೆಗಳಲ್ಲಿ ಪಾತ್ರೆ, ಏಣಿ, ಕೊಡೆ ಎಲ್ಲ ಹೀಗೇ ಓಡಾಡುತ್ತಿದ್ದವು. ಈ ನೆನಪೂ ನಾನು ಎರವಲು ತಂದು ಹಿಂದಿರುಗಿಸದ ಏಣಿಯಂಥದ್ದು.

ಈಗ ನಿಮ್ಮ ಮರಕ್ಕೆ ಬರೋಣ. ಗುಂಪಿನಲ್ಲಿ 'ಸಿಡಿಲು ಬಡಿದದ್ದು ನೆನಪಿದೆ ತಾನೆ?' ಎಂದು ಕೇಳಿದಿರೋ ಹೇಗೆ? ಹಾಗೆ ಕೇಳಿದ್ದರೆ ಇನ್ನು ಸಾಕ್ಷಿ ಸಿಗುವುದು ಕಷ್ಟ. ಪ್ರಶ್ನೆಯ ಪದವೇ ನೆನಪಿನೊಳಗೆ ನುಗ್ಗುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ತುಣುಕು ತೋರಿಸಿದರು. 50 ಜನರನ್ನು ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಎಂದು ಕೇಳಿದರು, ಇನ್ನು 50 ಜನರನ್ನು 'ತಾಗಿದಾಗ' ಎಂದು. ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಎಂದರೆ, ಮೊದಲ ಗುಂಪಿನಲ್ಲಿ 16 ಮಂದಿ ನೋಡಿದೆವು ಎಂದರು, ಎರಡನೆಯದರಲ್ಲಿ 7. ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ.

ಆದ್ದರಿಂದ ಸೇರುವ ದಿನ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. 'ಮನೆ ಮುಂದಿನ ಮರ ಏನಾಯಿತು?' ಇಷ್ಟೇ ಪ್ರಶ್ನೆ. ಮಾತಾಡದೆ ಬರೆಯಲಿ, ಆಮೇಲೆ ಒಬ್ಬರು ಓದಲಿ. ತೀರ್ಮಾನ ಮಾಡಲೇಬೇಡಿ. ಸಿಡಿಲು ಬಡಿದ ಮೇಲೆ ಉಳಿದದ್ದನ್ನು ಕಡಿಸಿ ಮಾರಿರಲೂಬಹುದು, ಅಲ್ವಾ?

ಪ್ರಶ್ನೆ: ಹೆಸರುಗಳು ನೆನಪಿಗೆ ಬರುವುದಿಲ್ಲ. ಎಲ್ಲರೆದುರು ಅವಮಾನವಾದೀತು ಎಂಬ ಭಯಕ್ಕೆ ಹೋಗುವುದೇ ಬೇಡ ಅನ್ನಿಸುತ್ತಿದೆ.

ಉತ್ತರ: ಹೋಗಿ. ಹೆಸರು ಮೊದಲು ಜಾರುತ್ತದೆ, ಮುಖ ಉಳಿಯುತ್ತದೆ. 1975ರಲ್ಲಿ ಹ್ಯಾರಿ ಬಾಹ್ರಿಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜತೆಗಾರರು 392 ಜನರಿಗೆ ಅವರ ಶಾಲೆಯ ಹಳೆಯ ಫೋಟೊಗಳನ್ನು ಅಪರಿಚಿತರ ಫೋಟೊಗಳ ಜತೆ ಬೆರೆಸಿ ತೋರಿಸಿದರು. ಶಾಲೆ ಬಿಟ್ಟು 35 ವರ್ಷ ಆದವರೂ ನೂರಕ್ಕೆ ಸುಮಾರು 90 ಮುಖ ಗುರುತಿಸಿದರು. ತಾವಾಗಿ ಹೆಸರು ಹೇಳಿ ಎಂದಾಗ ಮಾತ್ರ ತಡವರಿಸಿದರು.

ಆದರೆ ಗಮನಿಸಿ, ಅವರು ಗುರುತಿಸಿದ್ದು ಅಂದಿನ ಮುಖಗಳನ್ನು. ಈಗಿನ ಬೋಳುತಲೆ, ಬಿಳಿಗೂದಲನ್ನಲ್ಲ. ಹಳೆಯ ಫೋಟೊ ಇದ್ದರೆ ಎಲ್ಲರಿಗೂ ತರಲು ಹೇಳಿ. ಎದೆಗೆ ಚೀಟಿ ಅಂಟಿಸುವುದಾದರೆ ಹೆಸರಿನ ಕೆಳಗೆ ಮನೆಯನ್ನೂ ಬರೆಯಿರಿ. 'ಬಾವಿ ಎದುರಿನ ಮನೆ, ಎರಡನೆಯವಳು' ಎಂದಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಪ್ರಶ್ನೆ: ನಿಮ್ಮ ಬರಹ ಓದಿದೆ. ಚೆನ್ನಾಗಿತ್ತು. ನನಗೂ ಇಂಥದ್ದೇ ಕರೆ ಬಂದಿದೆ. 'ನಾವೆಲ್ಲ ಒಂದೇ ಮನೆಯ ಮಕ್ಕಳ ಹಾಗೆ ಬೆಳೆದೆವು' ಎಂದು ಬರೆದಿದ್ದಾರೆ. ನನ್ನ ತಂದೆ ತಾಯಿ ಅವರ ಹೊಲದಲ್ಲೇ ಕೂಲಿ ಮಾಡುತ್ತಿದ್ದರು. ಅವರ ಮಕ್ಕಳ ಹಳೆಯ ಅಂಗಿ ನನಗೆ ಬರುತ್ತಿತ್ತು. ನಾನು ಅವರ ಮನೆಯೊಳಗೆ ಹೋದವಳೇ ಅಲ್ಲ. ಈಗ ನಾನು ಸರ್ಕಾರಿ ಕೆಲಸದಲ್ಲಿದ್ದೇನೆ. ಹೋಗಬೇಕೋ ಬೇಡವೋ?

ಉತ್ತರ: ಈ ಕಾಗದವನ್ನು ಎಲ್ಲಕ್ಕಿಂತ ಜಾಸ್ತಿ ಸಲ ಓದಿದೆ. ಮೊದಲ ಉತ್ತರದಲ್ಲಿ ಖಾಲಿ ಚೌಕ ಎಂದೆನಲ್ಲ, ಅದು ಇಂಥದ್ದೇ ಮನೆ. ಒಂಬತ್ತನೆಯದು. ಉಳಿದ ಎಂಟಕ್ಕಿಂತ ತುಸು ಆಚೆ, ಕೊಟ್ಟಿಗೆಯ ಹಿಂದೆ ಇತ್ತು. ನನಗೆ ಮನೆ ನೆನಪಿತ್ತು, ಬಾಗಿಲು ನೆನಪಿತ್ತು. ಒಳಗೆ ಯಾರು ಮಲಗುತ್ತಿದ್ದರು ಎಂದು ಗೊತ್ತಿರಲಿಲ್ಲ. ಎಂಟೂ ಮನೆಯವರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಹದಿನೆಂಟು ವರ್ಷ ನಾನು ಆ ಮನೆಯ ಪಕ್ಕ ಬೆಳೆದಿದ್ದೆ.

ಪಂಪ್‌ಸೆಟ್ಟಿನವರ ಡೈರಿಯಿಂದಲೂ ಅವರು ಸಿಗಲಿಲ್ಲ. ಅವರಿಗೆ ಪಂಪ್‌ಸೆಟ್ ಎಲ್ಲಿತ್ತು? ಕಡೆಗೆ ಶಾಲೆಯ ಹಳೆಯ ಮೇಷ್ಟರೊಬ್ಬರು ನೆನಪಿಟ್ಟಿದ್ದರು. ಆ ಮನೆಯ ಮಗಳು ಬಂದಳು. ನನಗಿಂತ ಎರಡು ವರ್ಷ ದೊಡ್ಡವಳು. ಸಂಜೆವರೆಗೂ ಹೆಚ್ಚು ಮಾತಾಡಲಿಲ್ಲ. ನಾವೆಲ್ಲ ಹಳೆಯ ಆಟಗಳ ಲೆಕ್ಕ ಹಾಕುತ್ತಿದ್ದೆವು, ಯಾರು ಯಾರನ್ನು ಹೇಗೆ ಸೋಲಿಸಿದರು ಎಂದು. ಎಲ್ಲರೂ ತಪ್ಪುತಪ್ಪಾಗಿ ಹೇಳುತ್ತಿದ್ದರೆ ಅವಳು ಒಂದೊಂದೇ ತಿದ್ದತೊಡಗಿದಳು. ಯಾವ ಮೂಲೆಯಲ್ಲಿ ಯಾರು ಅಡಗುತ್ತಿದ್ದರು ಎಂಬುದೂ ಅವಳಿಗೆ ಗೊತ್ತು. ಇಷ್ಟೆಲ್ಲ ಹೇಗೆ ನೆನಪಿದೆ ಎಂದು ನಾನೇ ಕೇಳಿದೆ. "ದನ ಕಾಯ್ತಾ ದಿನಾ ನೋಡ್ತಿದ್ದೆನಲ್ಲ. ಆಡ್ಲಿಲ್ಲ, ನೋಡ್ತಿದ್ದೆ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಈಗಲೂ ತೋಚಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೋಗಲೇಬೇಕು ಎಂದು ಯಾರೂ ನಿಮಗೆ ಹೇಳುವ ಹಾಗಿಲ್ಲ, ನಾನಂತೂ ಹೇಳುವುದಿಲ್ಲ. ಅವರ ಮನಸ್ಸಿಗೆ ಸಮಾಧಾನ ಮಾಡಿಕೊಡಲು ಹೋಗಬೇಡಿ, ಅದು ನಿಮ್ಮ ಕೆಲಸ ಅಲ್ಲ. ನಿಮಗೆ ಅಲ್ಲಿ ಯಾರನ್ನಾದರೂ ನೋಡಬೇಕು ಅನ್ನಿಸುತ್ತದೆಯೇ? ಒಂದು ಮರ, ಒಂದು ದಾರಿ, ಜತೆಗೆ ದನ ಮೇಯಿಸಿದ ಒಬ್ಬಳು? ಇದ್ದರೆ ಅವರಿಗಾಗಿ ಹೋಗಿ. ನಿಮ್ಮ ಗಾಡಿಯಲ್ಲೇ ಹೋಗಿ, ಬೇಡ ಅನ್ನಿಸಿದ ಗಳಿಗೆಗೆ ಹೊರಡಬಹುದು. 'ಒಂದೇ ಮನೆಯ ಮಕ್ಕಳ ಹಾಗೆ' ಎಂದು ಯಾರಾದರೂ ನಿಮ್ಮೆದುರು ಹೇಳಿದರೆ, ಆ ಮನೆಯೊಳಗೆ ನೀವು ಕಾಲಿಟ್ಟಿರಲಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ. ಹೇಳದೇ ಇರುವ ಹಕ್ಕೂ ಇದೆ.

ಕರೆ ಕಳಿಸುವವರಿಗೂ ಒಂದು ಮಾತು. ಆ ಸಾಲನ್ನು ಬರೆಯುವ ಮೊದಲು ನಿಮ್ಮ ನಕ್ಷೆಯಲ್ಲಿ ಯಾವ ಚೌಕ ಖಾಲಿ ಇದೆ ನೋಡಿ. ಮೊದಲ ಫೋನು ಆ ಮನೆಗೆ ಮಾಡಿ, ಕೊನೆಯದಲ್ಲ. ನಾನು ಕೊನೆಗೆ ಮಾಡಿದೆ.

ಪ್ರಶ್ನೆ: ನನ್ನ ಅಮ್ಮನಿಗೆ 84 ವರ್ಷ. ಕೇರಿಯ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು. ಈಗ ಬೆಳಿಗ್ಗೆ ಮಾಡಿದ್ದು ಸಂಜೆಗೆ ನೆನಪಿರುವುದಿಲ್ಲ. ಎಲ್ಲರೂ ಕರೆದುಕೊಂಡು ಬಾ ಎನ್ನುತ್ತಿದ್ದಾರೆ.

ಉತ್ತರ: ಪ್ರಯಾಣ ಮಾಡಬಹುದು ಎಂದು ಅವರ ಡಾಕ್ಟರು ಹೇಳಿದರೆ ಕರೆದುಕೊಂಡು ಹೋಗಿ. ಹೊಸದು ಮೊದಲು ಅಳಿಸುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ ಎಂದು ಫ್ರಾನ್ಸಿನ ತಿಯೊಡ್ಯೂಲ್ ರಿಬೋ 1881ರಲ್ಲೇ ಬರೆದಿದ್ದರು. ನಡುವಯಸ್ಸು ದಾಟಿದವರನ್ನು ನೆನಪು ಹೇಳಿ ಎಂದರೆ ತಮ್ಮ ಹತ್ತರಿಂದ ಮೂವತ್ತು ವರ್ಷದೊಳಗಿನದನ್ನೇ ಜಾಸ್ತಿ ಹೇಳುತ್ತಾರೆ ಎಂಬುದನ್ನು ಆಮೇಲಿನವರೂ ಕಂಡುಕೊಂಡಿದ್ದಾರೆ. ನಿಮ್ಮ ಅಮ್ಮನ ಆ ವಯಸ್ಸಿನ ಕೊನೆಯ ವರ್ಷಗಳಲ್ಲಿ ಬಹುಶಃ ಈ ಮಕ್ಕಳೇ ತುಂಬಿದ್ದಾರೆ.

ಒಂದು ಷರತ್ತು. 'ನಾನ್ಯಾರು ಹೇಳಿ ನೋಡೋಣ' ಎನ್ನುವವರನ್ನು ಅವರ ಹತ್ತಿರ ಬಿಡಬೇಡಿ. ಇದು ಎಲ್ಲ ಕಡೆ ಇರುವ ಪೀಡೆ. ವಯಸ್ಸಾದವರಿಗೆ ಅದು ಪ್ರೀತಿಯಲ್ಲ, ಪರೀಕ್ಷೆ. ಬಂದವರು ತಾವೇ ಹೆಸರು ಹೇಳಲಿ, ಯಾವ ಮನೆ ಎಂದು ಹೇಳಲಿ, ಪಕ್ಕದಲ್ಲಿ ಕೂರಲಿ. ಗದ್ದಲದಿಂದ ದೂರ ಒಂದು ಮೂಲೆಯಲ್ಲಿ ಕುರ್ಚಿ ಹಾಕಿ, ಒಬ್ಬೊಬ್ಬರೇ ಬರಲಿ. ವಯಸ್ಸಾದ ಕಿವಿಗೆ ಸಣ್ಣ ಕೀರಲು ದನಿ ಮೊದಲು ಕೇಳದಾಗುತ್ತದೆ. ಕಿರುಚುವುದು ಬೇಡ, ಎದುರಿಗೆ ಕೂತು ನಿಧಾನವಾಗಿ ಮಾತಾಡಿದರೆ ಸಾಕು. ಗುರುತು ಸಿಗದೆ ಬರೀ ಕೈ ಹಿಡಿದುಕೊಂಡರೂ ಸರಿ.

ಪ್ರಶ್ನೆ: ಸಂಬಂಧಿಕರಲ್ಲ, ಸಹಪಾಠಿಗಳಲ್ಲ. ಬರೀ ಪಕ್ಕದ ಮನೆಯವರಿಗಾಗಿ ಇಷ್ಟು ದೂರ ಹೋಗಬೇಕೇ ಎಂದು ನಮ್ಮ ಯಜಮಾನರು ಕೇಳುತ್ತಾರೆ.

ಉತ್ತರ: ಯಜಮಾನರಿಗೆ ಇದನ್ನು ಓದಿ ಹೇಳಿ. ಅಮೆರಿಕದ ಒಂದು ವಿದ್ಯಾರ್ಥಿ ವಸತಿಯಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಜತೆಗಾರರು ಯಾರಿಗೆ ಯಾರು ಗೆಳೆಯರು ಎಂದು ವಿಚಾರಿಸಿ, 1950ರಲ್ಲಿ ಪ್ರಕಟಿಸಿದರು. ಪಕ್ಕದ ಬಾಗಿಲಿನವರು ಆಪ್ತರಾಗಿದ್ದದ್ದು ನೂರಕ್ಕೆ 41. ಅದೇ ಮಹಡಿಯ ಇನ್ನೊಂದು ತುದಿಯವರು ನೂರಕ್ಕೆ 10. ಸ್ವಭಾವ, ಅಭಿರುಚಿ ಎಲ್ಲ ಆಮೇಲಿನ ಮಾತು. ಮೊದಲು ಬಾಗಿಲು. ಅಷ್ಟಕ್ಕೂ ಒಪ್ಪದಿದ್ದರೆ ಅವರನ್ನು ಬಿಟ್ಟು ಹೋಗಿ. ಜತೆಗೆ ಬಂದ ಗಂಡಂದಿರು ನಮ್ಮಲ್ಲೂ ಮಧ್ಯಾಹ್ನದ ಹೊತ್ತಿಗೆ ಕಾರಿನಲ್ಲಿ ಮಲಗಿದ್ದರು.

ಪ್ರಶ್ನೆ: ಪಕ್ಕದ ಮನೆಯ ಹುಡುಗ ಚಿಕ್ಕಂದಿನಲ್ಲಿ ನನಗೊಂದು ಚೀಟಿ ಕೊಟ್ಟಿದ್ದ. ಈಗ ಅವನೂ ಬರುತ್ತಾನಂತೆ. ಒಂದು ದಿನ ಮೊದಲೇ ಬಾ, ಮಾತಾಡಬೇಕು ಎನ್ನುತ್ತಾನೆ.

ಉತ್ತರ: ಎಲ್ಲರ ಜತೆಗೇ ಹೋಗಿ. ಮಾತು ಅಷ್ಟು ವರ್ಷ ಕಾದಿದೆಯಂತಲ್ಲ, ಇನ್ನೊಂದು ದಿನ ಕಾಯಲಿ.

ಪ್ರಶ್ನೆ: ನಮ್ಮ ಮನೆ ಮಾರಿಹೋಗಿ ಬೇರೆಯವರು ಕೆಡವಿ ಕಟ್ಟಿದ್ದಾರೆ. ಅಲ್ಲೇ ಸೇರಬೇಕೋ, ಪೇಟೆಯಲ್ಲಿ ಒಂದು ಹಾಲ್ ನೋಡಲೋ?

ಉತ್ತರ: ಅಲ್ಲೇ ಸೇರಿ. ಮನೆ ಹೋದರೂ ದಾರಿಯ ತಿರುವು ಇರುತ್ತದೆ, ಏರು ಇರುತ್ತದೆ, ಸಂಜೆ ಬಿಸಿಲು ಬರುವ ದಿಕ್ಕು ಅದೇ ಇರುತ್ತದೆ. ಈಗಿನ ಮನೆಯವರಿಗೆ ಮೊದಲೇ ಹೇಳಿ. ಹತ್ತಿಪ್ಪತ್ತು ಜನ ಗೇಟಿನ ಮುಂದೆ ನಿಂತು ಕಣ್ಣೊರೆಸಿಕೊಂಡರೆ ಅವರಿಗೂ ಗಾಬರಿಯಾಗುತ್ತದೆ. ಎಲ್ಲ ಚಿಕ್ಕದಾಗಿ ಕಾಣುತ್ತದೆ ಎಂಬುದನ್ನೂ ತಿಳಿದೇ ಹೋಗಿ. ನಾನು ಏರಲು ಹೆದರುತ್ತಿದ್ದ ಗೋಡೆ ಈಗ ನನ್ನ ಸೊಂಟಕ್ಕೆ ಬರುತ್ತದೆ.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಬಾವಿಯ ವಿಷಯ ಬರೆದಿರಿ, ಆದರೆ ನಿಮ್ಮ ಪಕ್ಕದ ಮನೆಯ ಗೆಳತಿಯ ಬಗ್ಗೆ ಹೆಚ್ಚು ಹೇಳಲಿಲ್ಲ. ಈಗ ಒಡನಾಟ ಇದೆಯೇ?

ಉತ್ತರ: ಇದೆ. ಪ್ರತಿ ಭಾನುವಾರ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡುತ್ತಾಳೆ. ಮೊಮ್ಮಗ ಸ್ಪೀಕರ್ ಹಾಕುತ್ತಾನೆ. ಬಾವಿಗೆ ಬಿದ್ದ ಕಥೆಯನ್ನು ಈಗ ಅವಳೇ ಹೇಳುತ್ತಾಳೆ. ನನಗಿಂತ ನಿಧಾನ, ನನ್ನಷ್ಟು ಬಣ್ಣ ಇಲ್ಲ, ನಡುನಡುವೆ ಕೆಮ್ಮುತ್ತಾಳೆ. ಹಗ್ಗ ಹಿಡಿದು ದೊಡ್ಡವರು ಇಳಿದು ಬರುವ ಜಾಗ ಬಂದಾಗ ಅವಳು ನಿಲ್ಲಿಸುತ್ತಾಳೆ, ಮೊಮ್ಮಗ ನನ್ನ ಕಡೆ ನೋಡುತ್ತಾನೆ. ಆಗ ನಾನು ಕಿರುಚಬೇಕು.